ದಿನಕ್ಕೆ ಒಂದೇ ಬಾಣ

ಈ ಸಲದ ಮೇ ತಿಂಗಳಲ್ಲಿ ಕಾರಿನ ರಿಜಿಸ್ಟ್ರೇಷನ್ ಕಾಗದ ಹುಡುಕಲೆಂದು ಡ್ಯಾಶ್‌ಬೋರ್ಡಿನ ಖಾನೆ ತೆಗೆದೆ. ಒಳಗೆ ಮೇಣ ಕರಗಿ ಹರಿದಿತ್ತು. ಸ್ಯಾನ್ ರಮೋನ್‌ನಲ್ಲಿ ಬಿಸಿಲು ಶುರುವಾದ ಮೇಲೆ ಕಿಟಕಿ ಮುಚ್ಚಿದ ಕಾರೆಂದರೆ ಒಲೆಯೇ ಸರಿ. ಇನ್ಶೂರೆನ್ಸ್ ಕಾಗದ, ಟಿಶ್ಯೂ, ಮಗಳ ಹಳೆಯ ಹೇರ್‌ಬ್ಯಾಂಡು ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಬೈಯಲು ಬಾಯಿ ತೆಗೆದವಳು ಹಾಗೇ ನಿಂತುಬಿಟ್ಟೆ. ಜೇನುಮೇಣದ ವಾಸನೆ... ಅದರ ಜೊತೆಗೆ ಒಂದಿಷ್ಟು ಮಷೀನ್ ಎಣ್ಣೆಯದ್ದು. ಬಿಲ್ಲಿನ ಹೆದೆಗೆ ತಿಕ್ಕುವ ಮೇಣ ಅದು. ನಾಲ್ಕು ವರ್ಷದ ಹಿಂದೆ ಅದನ್ನು ನನ್ನ ಕೈಗೆ ಕೊಟ್ಟು, ವಾರಕ್ಕೊಮ್ಮೆ ಹೆಬ್ಬೆರಳಲ್ಲಿ ತಿಕ್ಕಲೇಬೇಕು ಎಂದು ಕಟ್ಟಪ್ಪಣೆ ಮಾಡಿದವರು ಹೇವರ್ಡ್ ಕಡೆಯ ಒಂದು ಬಿಲ್ಲು ಬಾಣದ ಅಂಗಡಿಯವರು. ಅವರನ್ನು ನಾನು ಚಾಚಾ ಎನ್ನುತ್ತಿದ್ದೆ.

ಚಾಚಾ ಹುಬ್ಬಳ್ಳಿಯವರು. ಹರೆಯದಲ್ಲೇ ಈ ದೇಶಕ್ಕೆ ಬಂದು ಒಂದು ಮಷೀನ್ ಶಾಪಿನಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವರು. ನಿವೃತ್ತರಾದ ಮೇಲೆ ಒಂದು ಡೋನಟ್ ಅಂಗಡಿಗೂ ಒಂದು ಲಾಂಡ್ರಿಗೂ ನಡುವೆ ಉದ್ದನೆಯ ಮಳಿಗೆ ಹಿಡಿದು ಈ ಅಂಗಡಿ ಇಟ್ಟಿದ್ದರು. ಮುಂದೆ ಬಿಲ್ಲುಗಳು, ನಡುವೆ ಅವರ ಕೆಲಸದ ಮೇಜು, ಹಿಂದೆ ಇಪ್ಪತ್ತು ಗಜದ ಓಣಿ, ಓಣಿಯ ಕೊನೆಗೆ ಗುರಿ. ಎಪ್ಪತ್ತು ದಾಟಿದ್ದ ಸಣ್ಣ ಆಳು, ಬಿಳಿ ಗಡ್ಡ, ಮೂಗಿನ ತುದಿಗೆ ಜಾರಿದ ಕನ್ನಡಕ. ಗಿರಾಕಿಯ ಮುಖ ನೋಡುವ ಮೊದಲು ತೋಳು ನೋಡುತ್ತಿದ್ದರು.

ನನಗೆ ಬಿಲ್ಲಿನ ಗೀಳು ಹಿಡಿದಿದ್ದು ಒಂದು ಮಾತಿನಿಂದ. ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಊಟದ ಹೊತ್ತಿಗೆ, ಗುಡ್ಡಗಾಡಿನ ರಾಜ್ಯದಿಂದ ಬಂದ ಸಹೋದ್ಯೋಗಿಯೊಬ್ಬ ತಾನು ಪ್ರತಿ ಸೆಪ್ಟೆಂಬರಿನಲ್ಲಿ ಊರಿಗೆ ಹೋಗಿ ಬಿಲ್ಲಿನಿಂದ ಎಲ್ಕ್ ಬೇಟೆ ಆಡುವುದನ್ನು ಹೇಳುತ್ತಿದ್ದ. ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣ. ಕೊಂಬು ಬಿಟ್ಟುಕೊಂಡು ನಿಂತರೆ ಮನುಷ್ಯನ ತಲೆಗಿಂತ ಎಷ್ಟೋ ಮೇಲಿರುತ್ತದೆ. ಕೇಳುತ್ತ ಕೇಳುತ್ತ ನನಗೂ ನೋಡಬೇಕು ಎನ್ನಿಸಿ, ನಾನೂ ಬರಲಾ ಎಂದೆ. ಅವನು ಬಹಳ ಮರ್ಯಾದೆಯಿಂದಲೇ, ಅಯ್ಯೋ ನೀವು ಸಸ್ಯಾಹಾರಿಗಳಲ್ಲವೇ ಎಂದುಬಿಟ್ಟ. ಮೇಜಿನ ಸುತ್ತ ಇದ್ದವರೆಲ್ಲ ಹೌದೌದು ಎಂದು ತಲೆ ಆಡಿಸಿದರು. ಯಾರು ಹೇಳಿದರು ಇವರಿಗೆ? ನಾನು ಮಂಡ್ಯದವಳು. ಯುಗಾದಿ ಮಾರನೆಯ ದಿನ ವರ್ಷತೊಡಕಿಗೆ ನಮ್ಮ ಹಿತ್ತಲಲ್ಲಿ ಮರಿ ಕುಯ್ಯುವಾಗ ಹಿಂಗಾಲು ಹಿಡಿಯುತ್ತಿದ್ದವಳು. ತಿನ್ನುವುದು ನನಗೆ ಗೊತ್ತು, ತಿನ್ನುವ ಮೊದಲು ಏನಾಗುತ್ತದೆ ಎನ್ನುವುದೂ ಗೊತ್ತು. ಅದನ್ನೇ ಹೇಳಿದೆ. ಅವನು ನಕ್ಕು, ಹಾಗಾದರೆ ಕಲಿತುಕೊಂಡು ಬಾ ಎಂದ. ಬೇಟೆಗಾರರ ತರಗತಿಗೆ ಹೋಗಿ ಪರೀಕ್ಷೆ ಪಾಸು ಮಾಡಿದೆ. ಒಂದು ಎಲ್ಕ್ ಹೊಡೆಯುವ ಪರವಾನಗಿಗೆ, ಅಂದರೆ ಇವರು ಟ್ಯಾಗು ಎನ್ನುವುದಕ್ಕೆ, ಅರ್ಜಿ ಹಾಕಿದೆ. ಚೀಟಿ ಎತ್ತಿದಾಗ ನನ್ನ ಹೆಸರು ಬಂದೂಬಿಟ್ಟಿತು.

ಇನ್ನು ಬಿಲ್ಲು ಬೇಕಲ್ಲ. ಈ ಬೇ ಏರಿಯಾದ ನಮ್ಮ ಜನ ಏನು ಕೊಳ್ಳುವುದಾದರೂ ಮಾಡುವುದನ್ನೇ ನಾನೂ ಮಾಡಿದೆ. ಸ್ಪ್ರೆಡ್‌ಶೀಟು ತೆರೆದೆ. ಎಡಗಡೆ ಹದಿನಾಲ್ಕು ಬಿಲ್ಲುಗಳ ಹೆಸರು, ಮೇಲ್ಗಡೆ ವೇಗ, ತೂಕ, ಉದ್ದ, ಜನ ಕೊಟ್ಟ ನಕ್ಷತ್ರ. ಎಲ್ಲಕ್ಕಿಂತ ಜೋರಾಗಿ ಬಾಣ ಬಿಡುವ ಬಿಲ್ಲು, ಎಲ್ಲಕ್ಕಿಂತ ಹಗುರ ಬಾಣ. ಡಿಶ್‌ವಾಷರ್ ಆರಿಸಿದಷ್ಟೇ ಶ್ರದ್ಧೆಯಿಂದ ಆರಿಸಿ ತರಿಸಿದೆ. ಬಂದ ಡಬ್ಬ ಬಿಚ್ಚಿ ಎಳೆದರೆ ಹೆದೆ ಅರ್ಧಕ್ಕೂ ಬರಲಿಲ್ಲ. ಗುರಿ ನೋಡುವ ಸಾಧನ ಜೋಡಿಸಿಕೊಡಿ ಎಂಬ ನೆಪ ಮಾಡಿಕೊಂಡು 580 ಫ್ರೀವೇ ಹಿಡಿದು ಆ ಅಂಗಡಿಗೆ ಹೋದೆ. ಬಾಗಿಲಲ್ಲಿ ಡಬ್ಬ ಸಿಕ್ಕಿಕೊಂಡು, ಇದರ ಮನೆ ಹಾಳಾಗ ಎಂದು ಗೊಣಗಿದೆ.

ಮೇಜಿನ ಹಿಂದಿನಿಂದ ಯಾರೋ ತಲೆ ಎತ್ತದೆಯೇ ಅಂದರು: "ಮನಿ ಯಾಕ ಹಾಳ ಮಾಡ್ತೀರಿ, ಒಳಗ ಬರ್ರಿ. ಬಿಲ್ಲ ನೋಡೋಣ."

ಹೇವರ್ಡಿನಲ್ಲಿ ಹುಬ್ಬಳ್ಳಿ ಕನ್ನಡ. ಅಲ್ಲೇ ನಗು ಬಂತು. ಆದರೆ ಅವರು ನಗಲಿಲ್ಲ. ಬಿಲ್ಲನ್ನು ಒಮ್ಮೆ ತಿರುಗಿಸಿ ನೋಡಿ, "ಯಾರಿಗ ತಂದೀರಿ ಇದನ್ನ?" ಎಂದು ಕೇಳಿದರು. ನನಗೇ ಎಂದೆ. ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಲ್ಲಿ ಎಂದರು. ದರ್ಜಿಯವರ ಟೇಪಿನಿಂದ ಬೆರಳ ತುದಿಯಿಂದ ಬೆರಳ ತುದಿಗೆ ಅಳೆದು, ಮನಸ್ಸಿನಲ್ಲೇ ಭಾಗಿಸಿ, ಈ ಬಿಲ್ಲಿನ ಎಳೆತ ನಿಮ್ಮ ತೋಳಿಗಿಂತ ಮೂರು ಇಂಚು ಉದ್ದ, ವಾಪಸು ಕಳಿಸಿ ಎಂದರು. ಆಮೇಲೆ ಗೋಡೆಯಿಂದ ಒಂದು ಹಳೆಯ ಮಾದರಿಯ ಕಾಂಪೌಂಡ್ ಬಿಲ್ಲು, ಎರಡು ತುದಿಗೂ ಗಾಲಿ ಇರುವಂಥದ್ದು, ಇಳಿಸಿದರು. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಎರಡೂ ಪಾದ ನೆಲದಿಂದ ಎತ್ತಿ, ಬಿಲ್ಲನ್ನು ಆಕಾಶಕ್ಕೆ ತೋರಿಸದೆ ನೇರಕ್ಕೆ ಎಳೆಯಿರಿ ಎಂದರು. ಆಗಲಿಲ್ಲ. ಸ್ಕ್ರೂ ಸಡಿಲಿಸಿ ಭಾರ ಇಳಿಸಿದರು. ಆಗಲಿಲ್ಲ. ಇನ್ನೂ ಇಳಿಸಿದರು. ಕೊನೆಗೆ ಮೂವತ್ತೈದು ಪೌಂಡಿಗೆ ಬಂದಾಗ ಎಳೆದೆ. ಇದು ಮಕ್ಕಳ ಬಿಲ್ಲಾಯಿತಲ್ಲ ಎಂದು ಮುಖ ಊದಿಸಿಕೊಂಡೆ.

"ಬ್ಯಾಟಿ ಕಾನೂನಿಗೆ ಇಷ್ಟ ಸಾಕ. ನನಗ ಸಾಲೂದಿಲ್ಲ. ನಲವತ್ತೈದ ಆಗಬೇಕು, ಆದ್ರ ಸಾವಕಾಶ. ಎಲ್ಕ್ ಬಂದಾಗ ನಿಮ್ಮ ಕೈ ಥಂಡಿಗೆ ಮರಗಟ್ಟಿರ್ತದ. ಆವಾಗ ಮೇಲಕ್ಕ ಕೆಳಕ್ಕ ಹೊಯ್ದಾಡಿ ಎಳೆದ್ರ ಅದು ಓಡಿಹೋಗ್ತದ, ಇಲ್ಲಾ ಬಾಣ ಎಲ್ಲೆಲ್ಲೋ ತಾಗ್ತದ."

ನಾನು ತಂದಿದ್ದ ಹಗುರ ಬಾಣವನ್ನು ಅಕ್ಕಸಾಲಿಗರ ತಕ್ಕಡಿಯಂಥದ್ದರ ಮೇಲಿಟ್ಟು ನೋಡಿ, ತೆಗೆದು ಬದಿಗಿಟ್ಟರು. ಹಗುರ ಬಾಣ ಬೇಗ ಹೋಗುತ್ತದೆ, ಮೂಳೆ ಸಿಕ್ಕರೆ ಬೇಗ ನಿಲ್ಲುತ್ತದೆ. ನಿಮ್ಮಂಥ ಸಣ್ಣ ಎಳೆತದವರಿಗೆ ಭಾರದ ಬಾಣವೇ ಬೇಕು ಎಂದರು. ಬಾಣದ ತುದಿಗೆ ಸಿಕ್ಕಿಸುವ ಅಲಗಿನ ವಿಷಯದಲ್ಲಂತೂ ಮಾತಿಗೇ ಜಾಗವಿರಲಿಲ್ಲ. ನಾನು ಆರಿಸಿದ್ದದ್ದು ತಾಗಿದಾಗ ರೆಕ್ಕೆ ಬಿಚ್ಚಿಕೊಳ್ಳುವ ಹೊಸ ತರಹದ್ದು. ಬಿಚ್ಚಿಕೊಳ್ಳುವುದರಲ್ಲೇ ನಿಮ್ಮ ಬಲ ಅರ್ಧ ಮುಗಿಯುತ್ತದೆ ಎಂದು ಅದನ್ನೂ ಬದಿಗಿಟ್ಟು, ಎರಡೇ ಅಂಚಿನ ಗಟ್ಟಿ ಉಕ್ಕಿನ ಮೂರು ಅಲಗುಗಳನ್ನು ತೆಗೆದರು. ಕಲ್ಲಿಗೆ ಹಿಡಿದು ಮಸೆದು, ಬೆರಳಿಗೆ ರಬ್ಬರ್‌ಬ್ಯಾಂಡು ಎಳೆದು ಕಟ್ಟಿ ಅದರ ಮೇಲೆ ಅಲಗನ್ನು ಸುಮ್ಮನೆ ಇಟ್ಟರು. ಒತ್ತಲೇ ಇಲ್ಲ. ರಬ್ಬರು ಎರಡು ತುಂಡಾಯಿತು.

"ನಮ್ಮ ಧರ್ಮದಾಗ ಬಾಣ ಕೊಯ್ದ್ರ ಹಲಾಲ್, ಬಡದ್ರ ಹರಾಮ್. ನಿಮ್ಮೊಳಗ ಏನೈತೋ ನನಗ ಗೊತ್ತಿಲ್ಲ. ಸಾಯೋ ಪ್ರಾಣಿಗೆ ಮಾತ್ರ ನಮ್ಮ ಧರ್ಮ, ನಿಮ್ಮ ಧರ್ಮ ಎರಡೂ ಒಂದ."

ಬಾಣ ಬಿಡುವ ಮುಂಚೆ ಅವರು ಬಿಸ್ಮಿಲ್ಲಾ ಎನ್ನುತ್ತಿದ್ದರು, ಗುರಿ ಬರೀ ಹಲಗೆಯಾಗಿದ್ದರೂ. ನಾನೇನು ಹೇಳಲಿ ಎಂದು ಕೇಳಿದೆ. ನಿಮ್ಮ ದೇವರ ಹೆಸರು ಹೇಳಿ, ಕೈ ಅವಸರ ಮಾಡುವುದು ನಿಲ್ಲುತ್ತದೆ ಎಂದರು. ಇನ್ನೊಂದು ದಿನ ಸಲುಗೆಯಿಂದ, ನಾನು ಹೊಡೆದು ತಂದರೆ ತಿನ್ನುತ್ತೀರಾ ಚಾಚಾ ಎಂದೆ. "ಇಲ್ಲವ್ವಾ, ಬಿಸ್ಮಿಲ್ಲಾ ಅನ್ನದ ಹೊಡದದ್ದು ನಮಗ ಆಗೂದಿಲ್ಲ" ಎಂದರು, ನೇರವಾಗಿ. ನನಗೆ ಒಂದು ಗಳಿಗೆ ಕಸಿವಿಸಿಯಾಯಿತು. ಆಮೇಲೆ ಅದೇ ಹಿಡಿಸಿತು. ನನ್ನ ಸಂತೋಷಕ್ಕೆಂದು ಅವರು ಒಂದು ಸುಳ್ಳೂ ಹೇಳುವವರಲ್ಲ ಎನ್ನುವುದು ಅವತ್ತು ಖಾತ್ರಿಯಾಯಿತು.

ಮಸೆದ ಅಲಗುಗಳನ್ನು ನನ್ನ ಕೈಗೆ ಕೊಡುತ್ತಾರೆ ಎಂದುಕೊಂಡರೆ, ಒಂದು ಡಬ್ಬಿಗೆ ಹಾಕಿ ತಮ್ಮ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡರು. ಅದು ಅವರ ಅಂಗಡಿಯ ಪದ್ಧತಿಯಂತೆ. ಮೊದಲ ಸಲ ಬೇಟೆಗೆ ಹೊರಟವರು ಮೊಂಡು ಮೊನೆಯ ಬಾಣದಲ್ಲಿ ಎಲ್ಲಿ ಬೇಕಾದರೂ, ಎಷ್ಟು ಬೇಕಾದರೂ ಅಭ್ಯಾಸ ಮಾಡಬಹುದು. ಆದರೆ ಅವರ ಮುಂದೆ ದಿನಕ್ಕೆ ಒಂದೇ ಬಾಣ. ಬಂದು, ಬಿಲ್ಲು ತೆಗೆದು, ಮೈ ಬಿಸಿ ಮಾಡಿಕೊಳ್ಳದೆ, ಓಣಿಯ ಕೊನೆಯ ಕಾಗದದ ತಟ್ಟೆಗೆ ಹೊಡೆಯಬೇಕು. ತಾಗಿದರೆ ಒಂದು. ತಪ್ಪಿದರೆ ಸೊನ್ನೆ, ಮತ್ತೆ ಮೊದಲಿನಿಂದ. ಸಾಲಾಗಿ ಹತ್ತು ಆದ ದಿನ ಅಲಗು ನಿಮ್ಮದು.

"ಎರಡನೇ ಬಾಣಕ್ಕ ಎಲ್ಕ್ ನಿಂದರೂದಿಲ್ಲ ತಂಗೀ" ಎಂದರು. ಚಾಚಾ ಎಂದು ನಾನು ಕರೆಯಲು ಶುರು ಮಾಡಿದ ಮೇಲೆ ಬಹುವಚನ ಹೋಗಿ ತಂಗಿ ಬಂದಿತ್ತು.

ಆ ಬೇಸಿಗೆಯಲ್ಲಿ ನಾನು ಎಷ್ಟು ಉರಿದುಕೊಂಡೆನೋ ದೇವರಿಗೇ ಗೊತ್ತು. ಮೆನ್ಲೋ ಪಾರ್ಕಿನಿಂದ ಸೇತುವೆ ದಾಟಿ, ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಕೂತು ಅಂಗಡಿಗೆ ಹೋಗುವುದು, ಬಾಣ ಬಿಡುವುದು, ತಪ್ಪುವುದು. ಅವರು ಸ್ಟೂಲಿನ ಮೇಲೆ ಕೂತಲ್ಲಿಂದಲೇ "ಸೊನ್ನಿ" ಎನ್ನುವುದು. ಇನ್ನೊಂದು ಬಿಡುತ್ತೇನೆ ಚಾಚಾ, ದಮ್ಮಯ್ಯ ಎಂದರೆ ಮನಿಗೆ ಹೋಗು ಎನ್ನುವುದು. ಬಿಲ್ಲನ್ನು ಮತ್ತೆ ಡಬ್ಬಕ್ಕೆ ತುರುಕಿ, ಫ್ರೀವೇಯಲ್ಲಿ ಸ್ಟೀರಿಂಗಿಗೆ ಗುದ್ದುತ್ತ ಮನೆಗೆ ಬರುವುದು. ಮೂರಾಯಿತು, ಸೊನ್ನೆ. ಆರಾಯಿತು, ಸೊನ್ನೆ. ಗಂಡ ಏನೂ ಹೇಳುವವರಲ್ಲ, ಅವರೇ ಒಂದು ದಿನ, ಆ ಮುದುಕರಿಗೆ ತಲೆ ಸರಿ ಇದೆ ತಾನೇ ಎಂದು ಕೇಳಿದರು. ಮಗಳು "ಅಮ್ಮಾ, ಜಸ್ಟ್ ಗೋ ಸಮ್‌ವೇರ್ ಎಲ್ಸ್" ಎಂದಳು. ಬೇರೆ ಕಡೆ ಹೋಗಬಹುದಿತ್ತು. ಆದರೆ ಸೋತು ಹೋದಂತಾಗುತ್ತದೆ, ಅದಕ್ಕೆ ನಾನು ಬಗ್ಗುವವಳಲ್ಲ.

ಹೊರಗಿನವರ ಬಾಯಿ ಬೇರೆ. ನಮ್ಮ ಕನ್ನಡದವರ ಗುಂಪಿನ ಒಂದು ಭಾನುವಾರದ ಊಟದಲ್ಲಿ ಯಾರೋ ಕೈಯಲ್ಲಿ ಮಟನ್ ಬಿರಿಯಾನಿ ತಟ್ಟೆ ಹಿಡಿದುಕೊಂಡೇ, ಪಾಪ ಆ ಪ್ರಾಣಿ ನಿಮಗೇನು ಮಾಡಿತ್ತು ಮೇಡಂ ಎಂದರು. ನಿಮ್ಮ ತಟ್ಟೆಯ ಕುರಿ ನಿಮಗೇನು ಮಾಡಿತ್ತು ಎಂದೆ. ಇನ್ನೊಬ್ಬರು ದನಿ ಇಳಿಸಿ, ಹೋಗಿ ಹೋಗಿ ಸಾಬರ ಹತ್ತಿರ ಕಲಿಯಬೇಕಿತ್ತಾ, ಬೇರೆ ಯಾರೂ ಸಿಗಲಿಲ್ಲವಾ ಎಂದರು. ಅವರು ನನ್ನ ಹತ್ತಿರ ಕನ್ನಡದಲ್ಲಿ ಮಾತಾಡುತ್ತಾರೆ, ನಿಮ್ಮ ಮಕ್ಕಳು ಮಾತಾಡುತ್ತಾರಾ ಎಂದು ಕೇಳಿದೆ. ಊಟ ಅಲ್ಲಿಗೆ ಮುಗಿಯಿತು. ಅದು ಆಗಸ್ಟ್ ಕೊನೆ. ನನ್ನ ಲೆಕ್ಕ ಅಷ್ಟು ಹೊತ್ತಿಗೆ ಒಂಬತ್ತಕ್ಕೆ ಬಂದಿತ್ತು, ಬಿಲ್ಲು ನಲವತ್ತೈದಕ್ಕೆ.

ಮರುದಿನ ಹತ್ತನೆಯದು. ಆ ಮಾತುಗಳೆಲ್ಲ ಇನ್ನೂ ಕಿವಿಯಲ್ಲೇ ಇದ್ದವು. ಎಳೆದೆ, ಬಿಟ್ಟೆ. ತಟ್ಟೆಯಿಂದ ನಾಲ್ಕು ಬೆರಳು ಎಡಕ್ಕೆ. ಅವರು ಸ್ಟೂಲಿನಿಂದ ಎದ್ದು ಬಂದು ನನ್ನ ಮುಖ ನೋಡಿದರು. "ಯಾರ ಮ್ಯಾಲೆ ಸಿಟ್ಟ ಇದು?" ಎಂದರು. ನಾನು ಬಿಲ್ಲನ್ನು ಡಬ್ಬಕ್ಕೆ ಇಡತೊಡಗಿದೆ. "ಸೊನ್ನಿ" ಎಂದರು, ಮೆಲ್ಲಗೆ. ಹೊರಡಲು ಹನ್ನೆರಡು ದಿನ ಉಳಿದಿತ್ತು.

ಮನೆಗೆ ಬಂದವಳೇ ಹಟಕ್ಕೆ ಬಿದ್ದು ಅಂಥದ್ದೇ ಮೂರು ಅಲಗುಗಳನ್ನು ಆನ್‌ಲೈನಿನಲ್ಲಿ ತರಿಸಿದೆ. ಯಾರಪ್ಪನ ಗೊಡವೆ ನನಗೆ? ಟ್ಯಾಗು ನನ್ನ ಹೆಸರಿಗಿದೆ, ತೋಳು ನನ್ನದು. ಮಾರನೆಯ ಸಂಜೆಗೆ ಬಂದವು. ಬಾಣಗಳಿಗೆ ಸಿಕ್ಕಿಸಿ, ಬಿಲ್ಲಿನ ಜೊತೆ ಗರಾಜಿನಲ್ಲಿ ಇಟ್ಟು, ಆಫೀಸಿನಲ್ಲಿ ಪ್ರೊಡಕ್ಷನ್ ಇಶ್ಯೂ ಎಂದು ಲ್ಯಾಪ್‌ಟಾಪಿನ ಮುಂದೆ ಕೂತೆ. ಊರಿಂದ ಬಂದು ಆರು ತಿಂಗಳು ನಮ್ಮ ಜೊತೆ ಇದ್ದ ಅತ್ತೆ ಅದನ್ನೆಲ್ಲ ನೋಡಿದ್ದಾರೆ. ಬೆಳಿಗ್ಗೆ ಎದ್ದು ಗರಾಜಿಗೆ ಹೋದರೆ ರಂಗೋಲಿ ಬಿಟ್ಟಿದೆ. ಬಿಲ್ಲಿನ ಹಿಡಿಗೆ ಅರಿಶಿನ ಕುಂಕುಮ, ಹೂವು. ಮೂರು ಅಲಗಿನ ಮೊನೆಗೂ ಒಂದೊಂದು ನಿಂಬೆಹಣ್ಣು ಚುಚ್ಚಿದೆ.

"ಆಯುಧ ಅಂದ್ಮೇಲೆ ಪೂಜೆ ಮಾಡ್ದೆ ಎತ್ಕೊಂಡ್ ಹೋಗ್ಬಾರ್ದು ಕಣವ್ವ. ಮನೆಮಂದಿ ಎಲ್ಲಾ ಬ್ಯಾಡ ಅಂದ್ರೂ ನೀನು ಹೋಗೋಳೆಯ. ನಂಗೊತ್ತಿಲ್ವಾ? ಹೋಗೋದಾದ್ರೆ ದೇವ್ರಿಗಾದ್ರೂ ಹೇಳ್ಬುಟ್ ಹೋಗು."

ನನ್ನ ಪರವಾಗಿ ಇಡೀ ಸ್ಯಾನ್ ರಮೋನಿನಲ್ಲಿ ನಿಂತವರು ಅವರೊಬ್ಬರೇ. ನಿಂಬೆಹಣ್ಣು ಕಿತ್ತು ನೋಡಿದರೆ ಇಡೀ ರಾತ್ರಿ ಹುಳಿ ಕುಡಿದ ಉಕ್ಕು ಕಪ್ಪಿಟ್ಟಿತ್ತು, ಅಂಚಿನಲ್ಲಿ ಕಂದು ತುಕ್ಕು. ರಬ್ಬರ್‌ಬ್ಯಾಂಡಿನ ಮೇಲೆ ಇಟ್ಟೆ. ತುಂಡಾಗಲಿಲ್ಲ. ಒತ್ತಿದೆ, ಆಗಲೂ ಇಲ್ಲ. ಮಸೆಯಲು ನನಗೆ ಬರುತ್ತಿರಲಿಲ್ಲ. ಬರುತ್ತಿದ್ದವರು ಒಬ್ಬರೇ.

ಚಾಚಾ ಅಲಗನ್ನು ಮೂಗಿನ ಹತ್ತಿರ ಹಿಡಿದರು. "ನಿಂಬಿಹಣ್ಣು?" ಎಂದರು. ಅತ್ತೆ ಪೂಜೆ ಮಾಡಿದರು ಎಂದೆ. ಅಲಗು ತಮ್ಮದಲ್ಲ ಎನ್ನುವುದು ಅವರಿಗೆ ನೋಡಿದ ಕೂಡಲೇ ತಿಳಿದಿತ್ತು.

"ಅವರು ಪೂಜಿ ಮಾಡ್ಯಾರ. ಅವರದು ತಪ್ಪಿಲ್ಲ. ನೀ ಏನ ಮಾಡಿದಿ, ಅದನ್ನ ಹೇಳು."

ಅಷ್ಟು ದೊಡ್ಡ ಹೆಂಗಸು ನಾನು, ಹತ್ತು ಜನರ ಟೀಮು ನಡೆಸುವವಳು, ಶಾಲೆಯ ಹುಡುಗಿಯ ಹಾಗೆ ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. ಹೆದೆಯ ಮೇಲೆ ಬಿದ್ದಿದ್ದ ಕುಂಕುಮ ಒರೆಸಿದರು, ಹಿಡಿಯ ಮೇಲಿನದನ್ನು ಹಾಗೇ ಬಿಟ್ಟರು. ಆಮೇಲೆ ಕಲ್ಲು ತೆಗೆದು ಮಸೆಯಲು ಕೂತರು. ಒಂದು ಗಂಟೆಯ ಮೇಲಾಯಿತು. ನಡುನಡುವೆ ಕೆಮ್ಮುತ್ತಿದ್ದರು, ಮಸೆಯುವ ಕೈ ಆಗಾಗ ನಿಲ್ಲುತ್ತಿತ್ತು. ನಾನು ಗಮನಿಸಿದೆ. ಗಮನಿಸಿ ಸುಮ್ಮನಿದ್ದೆ, ಯಾಕೆಂದರೆ ನನಗೆ ನನ್ನ ಅಲಗಿನದ್ದೇ ಚಿಂತೆ. ಮೂರನ್ನೂ ಮುಗಿಸಿ ನನ್ನ ಅಂಗೈಗೇ ಇಟ್ಟರು.

"ಇವು ನಿನ್ನವು. ತಡಿಯಾಕ ನಾ ಪೊಲೀಸಲ್ಲ. ನನ್ನವು ಮಾತ್ರ ಹತ್ತ ಆದ ಮ್ಯಾಲೆನ."

ಉಳಿದಿದ್ದು ಹತ್ತು ದಿನ. ಅವತ್ತೇ ಒಂದು ಬಿಟ್ಟೆ, ತಾಗಿತು. ಮಾರನೆಯ ದಿನ ಎರಡು. ಹೀಗೆ ನಾಲ್ಕಕ್ಕೆ ಬಂದು ಐದನೆಯದು ತಪ್ಪಿತು. ಇನ್ನು ಎಷ್ಟು ತಾಗಿದರೂ ಹತ್ತಾಗುವುದು ಸಾಧ್ಯವಿರಲಿಲ್ಲ. ಚೂಪಾದ ಮೂರು ಅಲಗು ನನ್ನ ಮನೆಯಲ್ಲೇ ಇದ್ದವು. ಗಂಡ, ಇಷ್ಟೆಲ್ಲ ಮಾಡಿದ್ದೀಯ, ಹೋಗಿ ಬಾ ಎಂದರು. ಹೊರಡುವ ದಿನ ಬಿಲ್ಲಿನ ಡಬ್ಬವನ್ನು ಕಾರಿಗೆ ಇಟ್ಟೆ. ತೆಗೆದೆ. ಮತ್ತೆ ಇಟ್ಟೆ... ಕೊನೆಗೆ ತೆಗೆದು ಗರಾಜಿನಲ್ಲಿ ಬಿಟ್ಟು, ನಾನು ಬೇಟೆ ಆಡುವುದಿಲ್ಲ, ಹೊರೆ ಹೊರಲು ಬರುತ್ತೇನೆ ಎಂದು ಸಹೋದ್ಯೋಗಿಗೆ ಮೆಸೇಜು ಕಳಿಸಿ ಹೊರಟೆ. ಯಾರೋ ಬೇಡ ಎಂದದ್ದಕ್ಕಲ್ಲ. ಒಂದು ಮಾತಿಗೆ ಒಪ್ಪಿದ್ದೆ, ಒಮ್ಮೆ ಅದನ್ನು ಮುರಿದಿದ್ದೆ, ಎರಡನೆಯ ಸಲ ಮುರಿಯಲು ಮನಸ್ಸು ಬರಲಿಲ್ಲ.

ಬೆಟ್ಟದಲ್ಲಿ ನಾಲ್ಕನೆಯ ದಿನ ಬೆಳಿಗ್ಗೆ ಎಲ್ಕ್ ಬಂತು. ಮೊದಲು ಅದರ ಕೂಗು ಕೇಳಿಸಿತು. ಫರ್ ಮರಗಳ ನಡುವಿನಿಂದ ಬಂದು ಇಪ್ಪತ್ತೈದು ಗಜದಲ್ಲಿ, ಪಕ್ಕೆ ತೋರಿಸಿಕೊಂಡು, ಬಾಯಿಂದ ಹಬೆ ಬಿಡುತ್ತ ನಿಂತಿತು. ಸಹೋದ್ಯೋಗಿ ಪೂರ್ತಿ ಎಳೆದಿದ್ದ. ಹಿಂದೆ ಕೂತ ನಾನು ಬಿಡು ಬಿಡು ಎಂದು ಮನಸ್ಸಿನಲ್ಲೇ ಬಡಕೊಳ್ಳುತ್ತಿದ್ದೆ. ಅವನು ಬಿಡಲಿಲ್ಲ. ಎಷ್ಟೋ ಹೊತ್ತು ಹಿಡಿದು, ಮೆಲ್ಲಗೆ ಹೆದೆ ಇಳಿಸಿದ. ಎಲ್ಕ್ ನಡೆದು ಹೋಯಿತು. ಯಾಕೆ ಎಂದರೆ, ಪಕ್ಕೆಯ ಎದುರು ಬೆರಳು ಗಾತ್ರದ ಒಂದು ಕೊಂಬೆ ತೋರಿಸಿದ. ನನಗೆ ಆ ಕೊಂಬೆ ಕಂಡೇ ಇರಲಿಲ್ಲ. ನನ್ನ ಕೈಯಲ್ಲಿ ಬಿಲ್ಲಿದ್ದಿದ್ದರೆ ನಾನು ಬಿಟ್ಟಿರುತ್ತಿದ್ದೆ. ಖಂಡಿತ ಬಿಟ್ಟಿರುತ್ತಿದ್ದೆ. ಬಾಣ ಕೊಂಬೆಗೆ ತಾಗಿ ಹೊಟ್ಟೆಗೋ ತೊಡೆಗೋ ಹೊಕ್ಕು, ಆ ಜೀವ ಮೂರು ದಿನ ಎಲ್ಲೋ ಬಿದ್ದು ನರಳುತ್ತಿತ್ತು. ಇದನ್ನು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ, ಚಾಚಾ ಒಬ್ಬರನ್ನು ಬಿಟ್ಟು.

ವಾಪಸು ಬಂದು ಹೇಳಿದಾಗ ಅವರು ಫ್ಲಾಸ್ಕಿನಿಂದ ಅರ್ಧ ಕಪ್ ಚಹಾ ಬಗ್ಗಿಸಿ ನನ್ನ ಮುಂದಿಟ್ಟರು. ಗಾಳಿ ಯಾವ ಕಡೆಯಿಂದ ಇತ್ತು, ಅದು ಎಷ್ಟು ಹೊತ್ತು ನಿಂತಿತ್ತು ಎಂದು ಮಾತ್ರ ಕೇಳಿದರು. ಬರಿಗೈಯಲ್ಲಿ ಬಂದಿರಾ, ಹೆದರಿಬಿಟ್ಟಿರಾ ಎಂದು ಕೇಳಿದ ಗುಂಪಿನವರಿಗೆ ಹೌದು ಬರಿಗೈ, ಏನೀಗ ಎಂದು ಎದೆ ಸೆಟೆಸಿ ಹೇಳುವ ಧೈರ್ಯ ಆ ಅರ್ಧ ಕಪ್ ಚಹಾದಿಂದ ಬಂತು.

ಚಳಿಗಾಲದಲ್ಲಿ ಅಂಗಡಿ ವಾರಕ್ಕೆ ಮೂರೇ ದಿನ ತೆರೆಯುತ್ತಿತ್ತು. ಯಾಕೆ ಎಂದು ಕೇಳಲಿಲ್ಲ. ಮಾರ್ಚಿನಲ್ಲಿ ಮತ್ತೆ ಲೆಕ್ಕ ಶುರು ಮಾಡಿದೆವು. ಸ್ಟೂಲಿನ ಬದಲು ಬೆನ್ನಿಗೆ ಒರಗು ಇರುವ ಕುರ್ಚಿ ಬಂದಿತ್ತು, ಅದನ್ನೂ ಕೇಳಲಿಲ್ಲ. ಆರು ಆದ ದಿನ, ಈ ವರ್ಷ ಹೋಗ್ತಿ ನೀ ಎಂದರು. ಅವರ ಬಾಯಿಂದ ನಾನು ಕೇಳಿದ ಹೊಗಳಿಕೆ ಅದೊಂದೇ. ಮುಂದಿನ ವಾರ ಆಫೀಸಿನ ಕೆಲಸದಲ್ಲಿ ಸಿಕ್ಕಿಕೊಂಡು ಹೋಗಲಾಗಲಿಲ್ಲ. ಅದರ ಮುಂದಿನ ವಾರ ಹೋದರೆ ಬಾಗಿಲು ಹಾಕಿತ್ತು, ಗಾಜಿಗೆ ಅವರ ಮಗ ಅಂಟಿಸಿದ ಒಂದು ಚೀಟಿ. ಚಾಚಾ ಅವರ ಮಣ್ಣು ಆಗಿ ಆಗಲೇ ಎರಡು ದಿನವಾಗಿತ್ತು. ಬಿಲ್ಲಿನ ಡಬ್ಬ ಕೈಯಲ್ಲಿ ಹಿಡಿದುಕೊಂಡು ಡೋನಟ್ ಅಂಗಡಿಯ ಮುಂದೆ ನಿಂತು ಅತ್ತುಬಿಟ್ಟೆ. ನೋಡಿದವರು ನೋಡಲಿ ಎಂದುಕೊಂಡೆ. ಹುಷಾರಿಲ್ಲವಾ ಚಾಚಾ ಎಂದು ಒಂದು ಮಾತು ಕೇಳಲು ನನಗೆ ಎಷ್ಟು ದಿನಗಳಿದ್ದವು. ಕೇಳಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಮೂರು ವರ್ಷ ಬಿಲ್ಲು ಗರಾಜಿನ ಗೋಡೆಯ ಮೇಲೇ ಇತ್ತು. ಬೇರೆಯವರ ಮುಂದೆ ನಿಂತು ಆರರ ನಂತರದ ಏಳನ್ನು ಎಣಿಸಿಕೊಳ್ಳಲು ಮನಸ್ಸಾಗಲಿಲ್ಲ. ಅಬ್ಬಾ, ಅಂತೂ ಹುಚ್ಚು ಬಿಟ್ಟಿತಲ್ಲ ಎಂದು ಜನ ಸಮಾಧಾನ ಪಟ್ಟುಕೊಂಡರು. ಹೀಗಿರುವಾಗ ಈ ಮೇ ತಿಂಗಳಲ್ಲಿ ಆ ಮೇಣ ಕರಗಿದ್ದು. ಕಾಗದಗಳಿಂದ ಅದನ್ನು ಕೆರೆದು ತೆಗೆಯುತ್ತ ನನಗೆ ನನ್ನ ಮೇಲೇ ರೇಗಿತು. ಇಷ್ಟಕ್ಕೆ ಬಿಟ್ಟು ಕೂರುವುದಕ್ಕಾ ಆ ಮುದುಕರು ನನ್ನನ್ನು ಅಷ್ಟು ಸಲ ಮನೆಗೆ ಓಡಿಸಿದ್ದು? ಬೇರೊಂದು ಅಂಗಡಿಯಲ್ಲಿ ಹೊಸ ಹೆದೆ ಹಾಕಿಸಿದೆ. ಅಲ್ಲಿಯವರು ಈ ಬಿಲ್ಲು ಹಳೆಯದಾಯಿತು, ಹೊಸ ಮಾದರಿ ನೋಡಿ ಎಂದರು. ಬೇಡ ಎಂದೆ. ಮೂವತ್ತೈದರಿಂದ ಶುರು ಮಾಡಿ ನಲವತ್ತೈದಕ್ಕೆ ಏರಿಸಿದೆ. ಮಸೆಯುವುದನ್ನೂ ಕಲಿತೆ, ರಬ್ಬರ್‌ಬ್ಯಾಂಡು ತುಂಡಾಗುವವರೆಗೆ. ಸಹೋದ್ಯೋಗಿಯ ರಾಜ್ಯದಲ್ಲಿ ಮಿಕ್ಕಿದ್ದ ಟ್ಯಾಗೊಂದು ಜುಲೈನಲ್ಲಿ ಸಿಕ್ಕಿತು. ಈ ಸಲ ಹೋಗಿಯೇ ಹೋಗುತ್ತೇನೆ, ಯಾರು ಬೇಕಾದರೂ ನಗಲಿ ಎಂದು ಕನ್ನಡದವರ ಗುಂಪಿನ ವಾಟ್ಸ್ಯಾಪಿನಲ್ಲಿ ನಾನೇ ಹಾಕಿದೆ.

ಅಭ್ಯಾಸವೆಲ್ಲ ಸಂಜೆಗೆ. ಬೆಳಿಗ್ಗೆ ಮಾತ್ರ ಆಫೀಸಿಗೆ ಹೋಗುವ ಮುನ್ನ ಗುಡ್ಡದ ಬದಿಯಲ್ಲಿ ಬಾಣ ಹೊಡೆಯಲೆಂದೇ ಇರುವ ಸಾರ್ವಜನಿಕ ರೇಂಜಿಗೆ ಹೋಗಿ, ಕಾಗದದ ತಟ್ಟೆ ಸಿಕ್ಕಿಸಿ, ಒಂದೇ ಬಾಣ. ಎಷ್ಟೋ ಸಲ ಕೆಟ್ಟು, ಕಳೆದ ವಾರದಿಂದ ಸಾಲು ಹಿಡಿದಿತ್ತು. ನಿನ್ನೆಗೆ ಒಂಬತ್ತು.

ಇವತ್ತು ಬೆಳಿಗ್ಗೆ ರೇಂಜಿನಲ್ಲಿ ನಾನೊಬ್ಬಳೇ. ದೇವರ ಹೆಸರು ಹೇಳಿದೆ, ಎಳೆದೆ, ಬಿಟ್ಟೆ. ಹತ್ತಿರ ಹೋಗಿ ನೋಡಿದರೆ ಬಾಣ ತಟ್ಟೆಯ ಅಂಚಿನಿಂದ ಒಂದು ಅಕ್ಕಿಕಾಳಿನಷ್ಟು ಹೊರಗೆ. ತಟ್ಟೆಯನ್ನು ಬೆರಳಿನಿಂದ ಸ್ವಲ್ಪ ಒತ್ತಿದರೆ ಅಂಚು ಬಾಣಕ್ಕೆ ತಾಗುತ್ತಿತ್ತು. ಒತ್ತಿಯೂ ನೋಡಿದೆ, ಸುಳ್ಳು ಯಾಕೆ ಹೇಳಲಿ. ತಾಗಿತು. ಹಿಂದಕ್ಕೆ ತಿರುಗಿ ನೋಡಿದೆ. ಬೇಲಿ, ಅದರಾಚೆ ಒಣಗಿದ ಹುಲ್ಲು, ಪಾರ್ಕಿಂಗಿನಲ್ಲಿ ನನ್ನ ಕಾರು. ಹತ್ತು ಎಂದುಕೊಂಡು ಹೋದರೆ ಕೇಳುವವರು ಈ ಲೋಕದಲ್ಲೇ ಇಲ್ಲ.

ಬಾಣ ಕಿತ್ತುಕೊಂಡೆ. ಸೊನ್ನೆ ಎಂದು ಗಟ್ಟಿಯಾಗಿ ಹೇಳಿ ಆಫೀಸಿಗೆ ಹೋದೆ. ಹೊರಡಲು ಇನ್ನು ಹನ್ನೊಂದು ದಿನ ಇದೆ. ನಾಳೆ ಒಂದು.